ಮುರಿಯಬೇಕಾದ ಕುರ್ಚಿ

ಬೇಳ ಊರಿನ ಬಡಗಿ ಗಿಲ್ಬರ್ಟ್ ಕ್ರಾಸ್ತಾ ಮಾಡಿದ ಕುರ್ಚಿ ಇಂದಿನವರೆಗೆ ರಿಪೇರಿಗೆಂದು ಅವರ ಅಂಗಳಕ್ಕೆ ಮರಳಿ ಬಂದದ್ದಿಲ್ಲ. ಈ ಮಾತನ್ನು ಹೇಳುವವರು ಅವರೇ. ಹೊಸಬರು ಸಿಕ್ಕಿದರೆ ತಮ್ಮ ಹೆಸರು ಹೇಳುವುದಕ್ಕೂ ಮೊದಲು ಇದನ್ನು ಹೇಳುತ್ತಾರೆ. ಕೇಳಿ ಕೇಳಿ ನನಗೆ ಸಾಕಾಗಿದೆ, ಆದರೆ ಮಾತು ಸುಳ್ಳಲ್ಲ. ಬದಿಯಡ್ಕ ಪೇಟೆಯ ಒಂದು ಹೋಟೆಲಿಗೆ ಅವರು ಮಾಡಿಕೊಟ್ಟ ಬೆಂಚಿನ ಮೇಲೆ ಆಗ ಅಪ್ಪ ಕೂತು ಚಹಾ ಕುಡಿಯುತ್ತಿದ್ದ, ಈಗ ಮಗ ಕೂತು ಮೊಬೈಲು ಒತ್ತುತ್ತಾನೆ. ಹೋಟೆಲಿನ ಮಾಲಿಕರು ಬದಲಾದರು, ಬೆಂಚು ಹಾಗೇ ಇದೆ.

ಅವರ ಅಂಗಡಿಗೆ ಒಂದು ಕ್ರಮವಿತ್ತು. ಗಿರಾಕಿ ಕುರ್ಚಿ ಒಯ್ಯಲು ಬಂದಾಗ ಅವನ ಎದುರಿಗೇ ಗಿಲ್ಬರ್ಟಣ್ಣ ಮೊದಲು ತಾವು ಅದರಲ್ಲಿ ಕೂರಬೇಕು. ಸುಮ್ಮನೆ ಕೂರುವುದಲ್ಲ, ಧೊಪ್ಪನೆ ಬೀಳುವುದು. ಅವರ ದೇಹ ಸಣ್ಣದೇನಲ್ಲ. ಎಡಕ್ಕೆ ವಾಲಿ, ಬಲಕ್ಕೆ ವಾಲಿ, ಹಿಂದಿನ ಕಾಲುಗಳ ಮೇಲೆ ಭಾರ ಹಾಕಿ ತೂಗಿ, ಏನೂ ಕಿರುಗುಟ್ಟಲಿಲ್ಲ ಎಂದಾದರೆ ಎದ್ದು, "ಇನ್ನು ನೀವು ಕೂತ್ಕೊಳ್ಳಿ" ಎನ್ನುತ್ತಿದ್ದರು. ಅವರ ಅಪ್ಪನೂ ಹೀಗೇ ಮಾಡುತ್ತಿದ್ದರಂತೆ. ತಾನು ಭಾರ ಹಾಕಿ ನೋಡದ ವಸ್ತುವನ್ನು ಇನ್ನೊಬ್ಬನಿಗೆ ಕೊಡುವುದು ಆ ಮನೆತನದಲ್ಲಿ ಕಳ್ಳತನಕ್ಕೆ ಸಮ.

ಇಂಥ ಮನುಷ್ಯನ ಅಂಗಡಿಯೂ ಮುಚ್ಚಿತು. ಜನರಿಗೆ ಈಗ ಷೋರೂಮಿನ ಸೋಫಾ ಬೇಕು. ಅದು ಮುರಿದರೆ ಇನ್ನೊಂದು ಬೇಕು. ಗಿಲ್ಬರ್ಟಣ್ಣ ಬಂದ್ಯೋಡಿನ ಒಂದು ಅಂಗಡಿಯವರ ರೆಡಿಮೇಡ್ ಬಾಗಿಲುಗಳನ್ನು ಮನೆಮನೆಗೆ ಹೋಗಿ ಕೂರಿಸುವ ಕೆಲಸಕ್ಕೆ ಸೇರಿದರು. "ಬಾಗಿಲು ಯಾರೋ ಮಾಡ್ತಾರೆ, ನಾನು ಬರೀ ಬಿಜಾಗರಿ ಹೊಡೆಯುವವ" ಎಂದು ಹೇಳಿಕೊಂಡು ತಿರುಗುತ್ತಿದ್ದರು. ಅವರನ್ನು ಹಾಗೆ ನೋಡುವಾಗ ನನಗೆ ಸಂಕಟವಾಗುತ್ತಿತ್ತು.

ಆ ಹೊತ್ತಿಗೆ ಪಂಚಾಯತು ಸಭಾಭವನದಲ್ಲಿ ಸಿನಿಮಾ ಕೆಲಸದ ತರಬೇತಿ ಶುರುವಾಯಿತು. ನಟನೆಯದ್ದಲ್ಲ, ತೆರೆಯ ಹಿಂದಿನ ಕೆಲಸದ್ದು. ಈಗೀಗ ನಮ್ಮ ಕಾಸರಗೋಡಿಗೆ ಶೂಟಿಂಗಿನವರು ಬರುವುದು ಜಾಸ್ತಿಯಾಗಿದೆ. ಆದರೆ ಬಡಗಿಯಿಂದ ದರ್ಜಿಯವರೆಗೆ ಎಲ್ಲರನ್ನೂ ಕೊಚ್ಚಿಯಿಂದಲೇ ಬಸ್ಸಿನಲ್ಲಿ ತುಂಬಿಸಿಕೊಂಡು ಬರುತ್ತಿದ್ದರು. ಇಲ್ಲಿನ ಕಸುಬುದಾರರಿಗೇ ಅದನ್ನು ಕಲಿಸಿದರೆ ಹೇಗೆ ಎಂದು ಯಾರಿಗೋ ಒಳ್ಳೆಯ ಬುದ್ಧಿ ಬಂತು. ಗೋಡೆಗೆ ಬಣ್ಣ ಬಳಿಯುವ ನಾನೂ ಸೇರಿದೆ. ಹಳೇ ಗೋಡೆಯನ್ನು ಹೊಸದು ಮಾಡುವುದೇ ನನ್ನ ಕಸುಬಾಗಿತ್ತು. ಅಲ್ಲಿ ನನಗೆ ಹೊಸ ಗೋಡೆಗೆ ಪಾಚಿ, ಮಸಿ, ಎಣ್ಣೆಕಲೆ ಬಳಿಯಲು ಕಲಿಸಿದರು. ಟೈಲರ್ ನಸೀಬಾ ಅಚ್ಚುಕಟ್ಟಾಗಿ ಹೊಲಿದ ಅಂಗಿಯನ್ನು ಅಚ್ಚುಕಟ್ಟಾಗಿ ಹರಿಯಲು ಕಲಿತಳು. ಗಿಲ್ಬರ್ಟಣ್ಣನನ್ನು ಎಳೆದುಕೊಂಡು ಹೋದವನು ನಾನೇ.

ಕಲಿಸುತ್ತಿದ್ದವರು ಕಾಞಂಗಾಡಿನ ಕೃಷ್ಣಕುಮಾರ. ಸಿನಿಮಾಗಳಿಗೆ ಸೆಟ್ಟು ಹಾಕುವ ತಂಡದ ಮುಖ್ಯಸ್ಥರು. ನಾವೆಲ್ಲ ಮಾಷ್ಟ್ರೇ ಎನ್ನುತ್ತಿದ್ದೆವು. ಮೊದಲ ದಿನವೇ ಅವರು ಹೇಳಿದರು, "ಸೆಟ್ಟು ಅಂದ್ರೆ ಮನೆ ಅಲ್ಲ, ಆಯ್ತಾ? ಶೂಟಿಂಗ್ ಮುಗಿದ ಮರುದಿನ ಬಿಚ್ಚಿ ಲಾರಿಗೆ ಹಾಕ್ಲಿಕ್ಕುಂಟು."

ಗಿಲ್ಬರ್ಟಣ್ಣನ ಮುಖ ಹುಳ್ಳಗಾಯಿತು. ಆದರೆ ಕೈ ಕಸುಬಿನವನ ಕೈ ಹೊಸದನ್ನು ಬೇಗ ಹಿಡಿಯುತ್ತದೆ. ಪ್ಲೈವುಡ್ಡಿನ ಗೋಡೆ ನಿಲ್ಲಿಸುವುದು, ಹಿಂದಿನಿಂದ ಊರುಗೋಲು ಕೊಡುವುದು, ಕ್ಯಾಮರಾಕ್ಕೆ ಜಾಗ ಬೇಕೆಂದಾಗ ಒಂದು ಇಡೀ ಗೋಡೆಯನ್ನೇ ಕಳಚಿ ಪಕ್ಕಕ್ಕಿಡುವುದು, ಎಲ್ಲದರಲ್ಲೂ ಅವರು ನಮ್ಮನ್ನು ಹಿಂದೆ ಹಾಕಿದರು. ಸ್ವಲ್ಪ ದಿನದಲ್ಲೇ ಬೇರೆ ಬಡಗಿಗಳಿಗೆ ಬೈದು ಕಲಿಸುವಷ್ಟು ಜೋರಾದರು.

ತರಬೇತಿಯ ಕೊನೆಗೆ ನಿಜವಾದ ಕೆಲಸವೇ ಸಿಕ್ಕಿತು. ಬದಿಯಡ್ಕದ ಖಾಲಿ ಬಿದ್ದ ಗೋದಾಮಿನೊಳಗೆ ಹಳೇ ಕಾಲದ ಒಂದು ಚಹಾ ಹೋಟೆಲನ್ನು ನಾವು ಕಟ್ಟಬೇಕು. ಅದರಲ್ಲಿ ಒಂದು ಹೊಡೆದಾಟ ನಡೆಯುತ್ತದೆ. ಈ ಕೆಲಸ ನೋಡಿ ಒಬ್ಬ ಬಡಗಿಯನ್ನು ತನ್ನ ತಂಡಕ್ಕೆ ಕಾಯಂ ಸೇರಿಸಿಕೊಳ್ಳುತ್ತೇನೆ ಎಂದು ಮಾಷ್ಟ್ರು ಹೇಳಿದರು. ನಾವೆಲ್ಲ ಗಿಲ್ಬರ್ಟಣ್ಣನ ಕಡೆ ತಿರುಗಿದೆವು. ಅವರಂತೂ ಆಗಲೇ ಸೇರಿಯಾದವರ ಹಾಗೆ ಮೀಸೆ ನೀವಿಕೊಂಡರು. ಸಿಗದಿದ್ದರೆ ಮತ್ತೆ ಬಿಜಾಗರಿಯೇ ಗತಿ ಎಂಬುದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಆ ಹೊಡೆದಾಟದಲ್ಲಿ ವಿಲನ್ ಒಂದು ಕುರ್ಚಿ ಎತ್ತಿ ಹೀರೋನ ಬೆನ್ನಿಗೆ ಅಪ್ಪಳಿಸುತ್ತಾನೆ. ಹೀರೋನ ಬದಲಿಗೆ ಪೆಟ್ಟು ತಿನ್ನುವವನು ಬಂದ್ಯೋಡಿನ ಜಂಶೀರ್. ಮೊದಲು ಜಿಮ್ಮಿನಲ್ಲಿ ಕಲಿಸುತ್ತಿದ್ದು, ಈಗ ಸಿನಿಮಾದಲ್ಲಿ ಬೀಳುವುದು, ಹಾರುವುದು, ಹೊಡೆಸಿಕೊಳ್ಳುವುದನ್ನೇ ಕೆಲಸ ಮಾಡಿಕೊಂಡ ನಗುಮುಖದ ಯುವಕ. ಕುರ್ಚಿ ನೋಡಲಿಕ್ಕೆ ತೇಗದ ಹಾಗೆ ಇರಬೇಕು, ಬೆನ್ನಿಗೆ ತಾಗಿದ ಕೂಡಲೇ ಚೂರುಚೂರಾಗಬೇಕು. ಮಾಷ್ಟ್ರು ವಿಧಾನ ಹೇಳಿಕೊಟ್ಟರು: ಬೆಂಕಿಕಡ್ಡಿಗೆ ಬಳಸುವಂಥ ಹಗುರವಾದ ಬೂರುಗದ ಮರ, ಕಾಲುಗಳನ್ನು ಗರಗಸದಿಂದ ಅರ್ಧ ಕೊಯ್ದು ಮೇಣ ತುಂಬಿಸುವುದು, ಜೋಡಣೆಗೆ ಅಂಟು ಒಂದೊಂದು ಚುಕ್ಕೆ ಮಾತ್ರ. ಆಣಿಯಂತೂ ಯಾವ ಜಾತಿಯದ್ದೂ ಬೇಡವೇ ಬೇಡ.

ಈ ಸುದ್ದಿ ಕೇಳಿ ಗಿಲ್ಬರ್ಟಣ್ಣನ ಹೆಂಡತಿ ಅಪೊಲೋನಿಯಾ ಬಾಯಿ ನಕ್ಕದ್ದೇ ನಕ್ಕದ್ದು. "ಮುರಿಯುವ ಕುರ್ಚಿ ಮಾಡ್ಲಿಕ್ಕೂ ಕಲೀಬೇಕಾ ಮಾರಾಯ? ಅಂಗಡಿಯಿಂದ ತಂದದ್ದು ಕಲಿಯದೇ ಮುರೀತದೆ."

ಗಿಲ್ಬರ್ಟಣ್ಣ ಕುರ್ಚಿ ಮಾಡಿದರು. ನಾನು ತೇಗದ ಬಣ್ಣ ಕೊಟ್ಟು, ಕೈ ಇಡುವಲ್ಲಿ ಸವೆದ ಹಾಗೆ ಉಜ್ಜಿದೆ. ನೋಡಿದರೆ ನಮ್ಮ ಅಜ್ಜನ ಕುರ್ಚಿಯೇ. ತಾಲೀಮಿನ ದಿನ ಜಂಶೀರ್ ಬೆನ್ನು ಕೊಟ್ಟು ನಿಂತ. ವಿಲನ್ನಿನ ಬದಲಿಗೆ ಹೊಡೆಯುವ ಫೈಟರ್ ಸುಧೀರ್ ಕುರ್ಚಿ ಎತ್ತಿ ಬೀಸಿದ. ಕಾಲುಗಳು ಚಂದದಲ್ಲಿ ಹಾರಿದವು. ಆದರೆ ಒರಗುವ ಬೆನ್ನೂ ಕೂರುವ ಹಲಗೆಯೂ ಕಳಚಲಿಲ್ಲ. ಎರಡೂ ಒಂದೇ ತುಂಡಾಗಿ ಬಂದು ಜಂಶೀರನ ಹೆಗಲಿಗೆ ಬಡಿದವು. ಅವನು ಸದ್ದಿಲ್ಲದೆ ನೆಲಕ್ಕೆ ಕೂತ. ಅಭಿನಯವೆಂದು ಒಬ್ಬಿಬ್ಬರು ಚಪ್ಪಾಳೆಯನ್ನೂ ತಟ್ಟಿಬಿಟ್ಟರು.

ಅವನನ್ನು ಆಸ್ಪತ್ರೆಗೆ ಕಳಿಸಿದ ಮೇಲೆ ಮಾಷ್ಟ್ರು ಆ ತುಂಡನ್ನು ಎತ್ತಿ ತಿರುಗಿಸಿ ನೋಡಿದರು. ಬೆನ್ನು ಮತ್ತು ಹಲಗೆ ಸೇರುವಲ್ಲಿ ಒಂದು ಬಿದಿರಿನ ಆಣಿ ಇತ್ತು. ಬಣ್ಣ ಹಚ್ಚಿದ ನನಗೇ ಕಾಣದಷ್ಟು ನಾಜೂಕಾಗಿ ಒಳಗೆ ಕೂರಿಸಿದ್ದು.

"ಇದು ಯಾರು ಹಾಕಿದ್ದು?"

"ನಾನೇ" ಎಂದರು ಗಿಲ್ಬರ್ಟಣ್ಣ.

"ಯಾಕೆ?"

"ಅಲ್ಲಾಡ್ತಾ ಇತ್ತು ಮಾಷ್ಟ್ರೇ."

ನಗು ಬರುವ ಉತ್ತರ. ಆದರೆ ಅಲ್ಲಿ ಯಾರೂ ನಗಲಿಲ್ಲ. ಅಲ್ಲಾಡುವ ಕುರ್ಚಿಯನ್ನು ಅವರ ಕೈ ಹೊರಗೆ ಬಿಡಲಿಲ್ಲ, ಅಷ್ಟೇ ನಡೆದದ್ದು. ಮಾಷ್ಟ್ರು ಕೂಗಾಡುವ ಜನವಲ್ಲ. "ಕುರ್ಚಿ ಕೊಚ್ಚಿಯಿಂದ ತರಿಸ್ತೇನೆ. ನೀವು ಗೋಡೆ ಕೆಲಸ ನೋಡಿ ಗಿಲ್ಬರ್ಟಣ್ಣ. ತಂಡಕ್ಕೆ ಬೇರೆ ಬಡಗಿಯನ್ನು ಹುಡುಕ್ಬೇಕು ನಾನು" ಎಂದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಗಿಲ್ಬರ್ಟಣ್ಣ ನನ್ನ ಬೈಕಿನ ಹಿಂದೆ ಕೂತು ಬೇಳಕ್ಕೆ ಬಂದರು. ಮನೆಯ ಜಗಲಿಯಲ್ಲಿ ಕೂತ ಮೇಲೆ ಶುರುವಾಯಿತು: ತನ್ನ ಹೆಸರು ಹಾಳಾಯಿತು, ಈ ವಯಸ್ಸಿನಲ್ಲಿ ಇದೆಲ್ಲ ಬೇಡವಾಗಿತ್ತು, ಗಟ್ಟಿ ಮಾಡಿ ಕಲಿತ ಕೈಗೆ ಸಡಿಲ ಮಾಡು ಎಂದರೆ ಹೇಗೆ. ಅಪೊಲೋನಿಯಾ ಬಾಯಿ ನಮಗೆ ಚಹಾ ಇಟ್ಟು ಎಲ್ಲ ಕೇಳಿಸಿಕೊಂಡರು. ಮನೆಯಲ್ಲಿ ಅವರದ್ದು ಕೊಂಕಣಿ. ನಾನಿದ್ದೆನೆಂದು ಕನ್ನಡದಲ್ಲೇ ಕೇಳಿದರು.

"ಪೆಟ್ಟು ಬಿದ್ದದ್ದು ನಿಮಗಾ, ಆ ಹುಡುಗನಿಗಾ?"

ಗಿಲ್ಬರ್ಟಣ್ಣ ಚಹಾದ ಲೋಟ ಕೆಳಗಿಟ್ಟರು.

"ಅವನಿಗೆ ಹೇಗುಂಟು ಅಂತ ಕೇಳಿದ್ರಾ?"

ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಮರುದಿನ ಬೆಳಿಗ್ಗೆ ಇಬ್ಬರೂ ಕುಂಬಳೆ ದಾಟಿ ಬಂದ್ಯೋಡಿಗೆ ಹೋದೆವು. ಜಂಶೀರನ ತಾಯಿ ಬೀವಿ ಬಾಗಿಲು ತೆರೆದರು. ಬಂದವರು ಯಾರೆಂದು ತಿಳಿದ ಮೇಲೂ ಒಳಗೆ ಕರೆದು ಕೂರಿಸಿ ತಿಂಡಿ ಕೊಟ್ಟರು. ಎಲುಬಿಗೇನೂ ಆಗಿರಲಿಲ್ಲ. ಆದರೆ ಜಂಶೀರ್ ಅಂಗಿ ಸರಿಸಿ ತೋರಿಸಿದಾಗ ಹೆಗಲು ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು.

"ಎಂತ ಇಲ್ಲ ಗಿಲ್ಬರ್ಟಣ್ಣ, ನಮ್ಮ ಕೆಲಸದಲ್ಲಿ ಇದೆಲ್ಲ ಉಂಟು" ಎಂದು ಅವನೇ ಸಮಾಧಾನ ಹೇಳಿದ.

ಗಿಲ್ಬರ್ಟಣ್ಣ ಆ ಹೆಗಲನ್ನು ನೋಡುತ್ತಲೇ ಇದ್ದರು. ಆಮೇಲೆ ಕ್ಷಮೆ ಕೇಳುವ ಬದಲು ಬೇರೇನೋ ಕೇಳತೊಡಗಿದರು. "ಕುರ್ಚಿ ಬರುವಾಗ ನೀನು ಬಗ್ಗುವುದಾ, ನೆಟ್ಟಗೆ ನಿಲ್ಲುವುದಾ? ಮೊದಲು ಎಲ್ಲಿ ತಾಗ್ತದೆ? ಅಂಗಿಯ ಒಳಗೆ ಮೆತ್ತೆ ಎಲ್ಲಿವರೆಗೆ ಇರ್ತದೆ?" ಜಂಶೀರ್ ಎದ್ದು ನಿಂತು, ಬಗ್ಗಿ, ತಿರುಗಿ ತೋರಿಸಿದ. ಗಿಲ್ಬರ್ಟಣ್ಣ ಕಿಸೆಯಿಂದ ಟೇಪು ತೆಗೆದು ಅವನ ಬೆನ್ನಿನ ಅಗಲ, ಹೆಗಲಿನಿಂದ ಸೊಂಟದವರೆಗಿನ ಉದ್ದ ಎಲ್ಲ ಅಳೆದರು. ಇದೆಂಥ ಬಡಗಿ, ಅಂಗಿ ಹೊಲಿಯುತ್ತಾನಾ ಎಂಬಂತೆ ಬೀವಿ ಉಮ್ಮ ನನ್ನ ಮುಖ ನೋಡಿದರು.

ಮರಳಿ ಬರುವಾಗ ಕುಂಬಳೆಯಲ್ಲಿ ಗಿಲ್ಬರ್ಟಣ್ಣ ಬೈಕು ನಿಲ್ಲಿಸಲು ಹೇಳಿದರು. "ಯೋಗೀಶ, ನಾನು ಆ ಕುರ್ಚಿಯನ್ನು ಕೂರುವವನಿಗೆ ಅಂತ ಮಾಡಿದ್ದು ಮಾರಾಯ. ಅದರಲ್ಲಿ ಕೂರುವವ ಯಾರೂ ಇಲ್ಲ. ಗಿರಾಕಿ ಜಂಶೀರ್." ಇಷ್ಟು ಹೇಳಿ ಅವರಿಗೆ ಎಷ್ಟೋ ಹಗುರವಾಯಿತು. ಹಸಿವಾಗುತ್ತಿದೆ ಎಂದರು.

ಆ ವಾರ ಅವರು ಮೂರು ಕುರ್ಚಿ ಮಾಡಿದರು. ಬೆನ್ನಿನ ಪಟ್ಟಿಗಳನ್ನು ಸಪೂರ ಮಾಡಿದರು; ಜಂಶೀರನ ಹೆಗಲಿಗೆ ಬರುವ ಮೂಲೆಗಳನ್ನು ಉರುಟಾಗಿ ಕೆತ್ತಿ ಒಳಗೆ ಪೊಳ್ಳು ಮಾಡಿದರು. ಮುರಿದಾಗ ಚೂಪು ಸಿಬಿರು ಏಳಬಾರದೆಂದು ಕೊಯ್ದ ಜಾಗವನ್ನೆಲ್ಲ ಉಜ್ಜಿ ನಯ ಮಾಡಿದರು. ಕುರ್ಚಿ ಮುಟ್ಟಿದರೆ ಅಲ್ಲಾಡುತ್ತಿತ್ತು. ಅದನ್ನು ನೋಡಿ ಅವರು ಹಲ್ಲು ಕಚ್ಚಿ ಆಚೆ ಹೋಗಿ ಬೀಡಿ ಸೇದಿ ಬರುತ್ತಿದ್ದರು, ಆಣಿ ಹಾಕಲಿಲ್ಲ.

ಗೋದಾಮಿಗೆ ತಂದಾಗ ಮಾಷ್ಟ್ರು ಕೈ ಅಡ್ಡ ಮಾಡಿದರು. "ಬೇಡ ಗಿಲ್ಬರ್ಟಣ್ಣ. ಕೊಚ್ಚಿಯದ್ದು ಬರ್ತಾ ಉಂಟು. ಇನ್ನೊಮ್ಮೆ ಆ ಹುಡುಗನ ಮೇಲೆ ಪ್ರಯೋಗ ಮಾಡ್ಲಿಕ್ಕೆ ನಾನು ಬಿಡುವುದಿಲ್ಲ."

"ಅವನಿಗೆ ಹೊಡೀರಿ ಅಂತ ಯಾರು ಹೇಳಿದ್ದು? ನನಗೆ ಹೊಡೀರಿ" ಎಂದರು ಗಿಲ್ಬರ್ಟಣ್ಣ.

ಎಲ್ಲರೂ ಕೆಲಸ ನಿಲ್ಲಿಸಿದರು. ಅವರು ಅಂಗಿಯ ಕೈ ಮಡಚಿ, ಬೆನ್ನು ತಿರುಗಿಸಿ, ಜಂಶೀರ್ ತೋರಿಸಿದ ಹಾಗೆಯೇ ಸ್ವಲ್ಪ ಬಗ್ಗಿ ನಿಂತುಬಿಟ್ಟರು. ಒಳಗೆ ಮೆತ್ತೆಯೂ ಇರಲಿಲ್ಲ. ಮಾಷ್ಟ್ರು ಇದೆಂಥ ಹುಚ್ಚು ಎಂದರು. ಗಿಲ್ಬರ್ಟಣ್ಣ ತಿರುಗದೆಯೇ, "ಇದು ನಮ್ಮ ಅಂಗಡಿಯ ಕ್ರಮ. ನಾನು ನೋಡದೆ ಗಿರಾಕಿಗೆ ಕೊಡುವುದಿಲ್ಲ" ಎಂದರು.

ಕೊನೆಗೆ ಮಾಷ್ಟ್ರು ಸುಧೀರನಿಗೆ ಕಣ್ಸನ್ನೆ ಮಾಡಿದರು. ಸುಧೀರ್ ಮೆಲ್ಲಗೆ ಬೀಸಹೊರಟರೆ ಗಿಲ್ಬರ್ಟಣ್ಣ ಒಪ್ಪಬೇಕಲ್ಲ! "ಅಂದು ಅವನಿಗೆ ಹೊಡೆದ ಹಾಗೇ ಹೊಡಿ" ಎಂದು ಗದರಿದರು. ಸುಧೀರ್ ಎತ್ತಿ ಅಪ್ಪಳಿಸಿದ. ಒಣ ತೆಂಗಿನ ಮಡಲು ಮುರಿದಂಥ ದೊಡ್ಡ ಸದ್ದು. ಕುರ್ಚಿ ಇದ್ದಲ್ಲಿ ಕುರ್ಚಿ ಇರಲಿಲ್ಲ, ನೆಲದ ತುಂಬ ಚಕ್ಕೆ. ಗಿಲ್ಬರ್ಟಣ್ಣ ತಲೆಯ ಮೇಲಿನ ಪುಡಿ ಕೊಡವಿಕೊಂಡು ನೆಟ್ಟಗಾದರು. ಹೆಗಲು ತಿರುಗಿಸಿ ನೋಡಿಕೊಂಡರು. ಮುರಿದ ತಮ್ಮ ಕೆಲಸವನ್ನು ನೋಡಿ ಅಷ್ಟು ಸಂತೋಷಪಟ್ಟ ಬಡಗಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

"ಸರಿ ಉಂಟು" ಎಂದರು.

ಆದರೂ ಶೂಟಿಂಗಿನ ದಿನ ಕೊಚ್ಚಿಯ ಕುರ್ಚಿಯೂ ಬಂದಿತ್ತು. ಒಳ್ಳೆಯ ಕೆಲಸ, ಅದರಲ್ಲಿ ಕೊಂಕು ತೆಗೆಯುವಂಥದ್ದೇನೂ ಇರಲಿಲ್ಲ. ಎರಡೂ ಪಕ್ಕಪಕ್ಕದಲ್ಲಿ ನಿಂತಿದ್ದವು. ಮಾಷ್ಟ್ರ ತಲೆಯ ಮೇಲೆ ಹೊಣೆ ಇತ್ತು, ಅವರನ್ನು ದೂರುವಂತಿಲ್ಲ. ಕೊಚ್ಚಿಯದನ್ನೇ ಎತ್ತಿಡಲು ಹೇಳಿದರು. ಗಿಲ್ಬರ್ಟಣ್ಣ ಗೋಡೆಯ ಹಿಂದಿನ ಊರುಗೋಲಿನ ಹತ್ತಿರ ಹೋಗಿ ನಿಂತರು. ನನಗೆ ತಡೆಯಲಾಗಲಿಲ್ಲ, ಮೂಲೆಗೆ ಹೋಗಿ ಜಂಶೀರನಿಗೆ ಮೊನ್ನೆ ನಡೆದದ್ದೆಲ್ಲವನ್ನೂ ಹೇಳಿಬಿಟ್ಟೆ.

ಜಂಶೀರ್ ಬಂದು ಎರಡೂ ಕುರ್ಚಿಗಳ ಮುಂದೆ ನಿಂತ. ಹೆಗಲ ಬಣ್ಣ ಆಗಷ್ಟೇ ಹಳದಿಗೆ ಇಳಿದಿತ್ತು.

"ಇದನ್ನು ಮಾಡಿದವರು ಎಲ್ಲಿದ್ದಾರೆ ಮಾಷ್ಟ್ರೇ?"

"ಕೊಚ್ಚಿಯಲ್ಲಿ."

"ಅದನ್ನು ಮಾಡಿದವರು ಅದರ ಪೆಟ್ಟು ತಿಂದು ನೋಡಿ ಇಲ್ಲೇ ನಿಂತಿದ್ದಾರೆ. ನನ್ನ ಬೆನ್ನಿಗೆ ಅದೇ ಇರ್ಲಿ."

ಹೇಳಿ ಅವನು ತನ್ನ ಜಾಗಕ್ಕೆ ಹೋಗಿ ಬೆನ್ನು ಕೊಟ್ಟು ನಿಂತ. ಮಾಷ್ಟ್ರು ಗಿಲ್ಬರ್ಟಣ್ಣನ ಕುರ್ಚಿಯನ್ನು ತಾವೇ ಎತ್ತಿ ಕ್ಯಾಮರಾದ ಚೌಕಟ್ಟಿನೊಳಗೆ ಇಟ್ಟರು. ಸುಧೀರ್ ಬೀಸಿದ. ಕುರ್ಚಿ ಚೂರಾಗಿ ನಾಲ್ಕೂ ಕಡೆ ಹಾರಿತು. ಜಂಶೀರ್ ತನಗೆ ಹೇಳಿಕೊಟ್ಟಂತೆ ಬಿದ್ದ, ಹೊರಳಿದ, ಕಟ್ ಎಂದ ಕೂಡಲೇ ನಗುತ್ತ ಎದ್ದು ಹೆಗಲು ಕುಣಿಸಿ ಗೋಡೆಯ ಹಿಂದಕ್ಕೆ ತೋರಿಸಿದ. ಈ ಸಲ ಚಪ್ಪಾಳೆ ತಟ್ಟಿದವರಿಗೆ ಯಾಕೆ ತಟ್ಟುತ್ತಿದ್ದೇವೆಂದು ಗೊತ್ತಿತ್ತು. ನನ್ನ ಕಣ್ಣು ತುಂಬಿತು, ಅದರಲ್ಲಿ ಮುಚ್ಚಿಡುವಂಥದ್ದೇನಿಲ್ಲ.

ಚಕ್ಕೆ ಗುಡಿಸುತ್ತಿರುವಾಗ ಮಾಷ್ಟ್ರು ಗಿಲ್ಬರ್ಟಣ್ಣನ ಹತ್ತಿರ ಬಂದರು.

"ಮುಂದಿನ ತಿಂಗಳು ನಮ್ಮ ತಂಡಕ್ಕೆ ಪಯ್ಯನ್ನೂರಿನಲ್ಲಿ ಕೆಲಸ ಉಂಟು ಗಿಲ್ಬರ್ಟಣ್ಣ. ನೀವು ಬರ್ಬೇಕು. ಅಲ್ಲಿ ಒಂದು ಮೇಜು ಮುರೀಲಿಕ್ಕುಂಟು."

ಮೇಜು ಎಷ್ಟು ಉದ್ದ, ಎಷ್ಟು ಅಗಲ, ಯಾವ ಮರ ಎಂದು ಗಿಲ್ಬರ್ಟಣ್ಣ ಕೇಳಲಿಲ್ಲ.

"ಯಾರ ಮೇಲೆ?" ಎಂದರು.