ಕಾಕುವಿನ ಪಾಲಿನ ಬಿಸಿನೀರು

ಇವತ್ತು ಚಿಕ್ಕೋಡಿ ಪೇಟೆಯಿಂದ ದೀಪಾವಳಿಯ ಸಾಮಾನು ತಂದು, ಹಬ್ಬದ ಸ್ನಾನಕ್ಕೆ ಮೈಗೆ ತಿಕ್ಕುವ ಉಟಣೆಯ ಪೊಟ್ಟಣ ಬಿಚ್ಚಿದೆ. ಕಚೋರ, ಅರಿಶಿನ, ಗುಲಾಬಿ ಪಕಳೆ ಕೂಡಿದ ಆ ಪುಡಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ತವರಿನ ಬಾಜೂ ಮನೆಯ, ನಾವು ಚಿಕ್ಕಮ್ಮನೆಂದೇ ತಿಳಿದಿದ್ದ ಕಾಕು ಸೆರಗು ಸಿಕ್ಕಿಸಿಕೊಂಡು ಬಚ್ಚಲ ಬಾಗಿಲಲ್ಲಿ ನಿಂತಂತಾಯಿತು...

ನಾನಾಗ ಕಾಲೇಜಿಗೆ ಹೋಗುತ್ತಿದ್ದೆ. ದೀಪಾವಳಿ ಬಂತೆಂದರೆ ಕಾಕುವಿನ ನಾದಿನಿಯರು ಮಕ್ಕಳುಮರಿ ಸಮೇತ ತವರಿಗೆ ಬರುತ್ತಿದ್ದರು. ಕಾಕುವಿಗೂ ತವರಿತ್ತು, ಭೋಜದಲ್ಲಿ. ಬಸ್ಸು ಹತ್ತಿದರೆ ದೂರವೇನಲ್ಲ. ಆದರೆ ಹಬ್ಬಕ್ಕೆ ಆಕೆ ಹೋದದ್ದನ್ನು ನಾನು ಒಮ್ಮೆಯೂ ನೋಡಿಲ್ಲ. ಬಂದವರಿಗೆ ಚಕ್ಕುಲಿ ಕರಿಯುವವರು ಯಾರು?

ಚತುರ್ದಶಿಯ ನಸುಕಿನಲ್ಲಿ ಆಕೆಯ ಅತ್ತೆ, ಗಂಡ, ಮಗ, ನಾದಿನಿಯರು, ಅವರ ಮಕ್ಕಳು ಒಬ್ಬೊಬ್ಬರಾಗಿ ಮಣೆಯ ಮೇಲೆ ಕೂರುತ್ತಿದ್ದರು. ಕಾಕು ಎಲ್ಲರ ನೆತ್ತಿಗೆ ಎಣ್ಣೆ ಒತ್ತಿ, ಮೈಗೆ ಉಟಣೆ ತಿಕ್ಕಿ, ಹಂಡೆಯ ಬಿಸಿನೀರು ಹಾಕಿ ಆರತಿ ಎತ್ತುತ್ತಿದ್ದಳು. ಆಕೆಯ ಪಾಳಿ ಬರುವಷ್ಟರಲ್ಲಿ ಹಂಡೆಯ ತಳ ಕಾಣುತ್ತಿತ್ತು. ತಣ್ಣೀರು ಸುರಿದುಕೊಂಡು ಒಲೆಯ ಮುಂದೆ ಬಂದು ಕೂರುತ್ತಿದ್ದಳು. ಬಡಿಸುವವರು ನಮ್ಮವರಾದರೆ ಕೊನೆಯ ಪಂಕ್ತಿಯಲ್ಲಿ ಕೂತರೂ ಚಿಂತೆಯಿಲ್ಲ ಅನ್ನುತ್ತಾರೆ. ಬಡಿಸುವವಳೇ ಕೊನೆಯವಳಾದರೆ ಏನು ಉಳಿದಿರುತ್ತದೆ ಎಂದು ಯಾರೂ ಗಾದೆ ಕಟ್ಟಲಿಲ್ಲ.

ಆ ವರ್ಷ ಹಬ್ಬಕ್ಕೆ ಮೊದಲೇ ಆಕೆಯ ಪಾದಗಳು ಬಾತಿದ್ದವು. ಕೊಡ ಎತ್ತಿದರೆ ಏದುಸಿರು, ರಾತ್ರಿಯೆಲ್ಲ ಎಡತೋಳಿನಲ್ಲಿ ಸೆಳೆತ. ದವಾಖಾನೆಗೆ ತಾನೇ ಜೊತೆಗೆ ಬರುತ್ತೇನೆಂದು ನಮ್ಮವ್ವ ಎಷ್ಟು ಹೇಳಿದರೂ ಕಾಕು ಚಕ್ಕುಲಿ ಒತ್ತುವುದನ್ನು ನಿಲ್ಲಿಸಲಿಲ್ಲ.

“ಹಬ್ಬ ಮುಗೀಲಿ ತಗೋರಿ ವೈನಿ. ಈಗ ನಾ ಮಲಗಿದರ ಇದನ್ನೆಲ್ಲಾ ಯಾರ್ ಮಾಡ್ತಾರ?”

ಅವ್ವ ಆಕೆಯ ಗಂಡ ಕಾಕಾನನ್ನೇ ತಡೆದು ಕೇಳಿದಳು. “ಆಕಿಗೇನಾಗೈತ್ರಿ, ಕಬ್ಬಿಣ ಇದ್ದಂಗ ಅದಾಳ,” ಎಂದು ಆತ ನಕ್ಕ. ಅದೇ ವಾರ ತನ್ನ ಮೋಟಾರ್ ಸೈಕಲ್ಲನ್ನು, ಹಬ್ಬದಲ್ಲಿ ಓಡಾಟ ಜಾಸ್ತಿ ಎಂದು ಸರ್ವಿಸಿಂಗಿಗೆ ಬಿಟ್ಟು ಬಂದಿದ್ದ ಪುಣ್ಯಾತ್ಮ.

ಪಾಡ್ವಾದ, ಬಲಿಪಾಡ್ಯಮಿಯ ಮಧ್ಯಾಹ್ನ ಎಲ್ಲರಿಗೂ ಹೋಳಿಗೆ ಬಡಿಸಿದ ಕಾಕು, ತನ್ನ ತಾಟು ಹಾಕಿಕೊಳ್ಳುವ ಮುನ್ನ ಒಲೆಕಟ್ಟೆಗೆ ಒರಗಿ ಕುಸಿದಳು. ದವಾಖಾನೆ ಮುಟ್ಟುವಷ್ಟರಲ್ಲಿ ಜೀವ ಹೋಗಿತ್ತು.

ಸಂಜೆ ಅಂಗಳದಲ್ಲಿ ಅದೇ ಮಣೆ ಹಾಕಿದರು. ಹಂಡೆ ತುಂಬ ನೀರು ಕಾಯಿಸಿದರು. ನಾದಿನಿಯರು ಅಳುತ್ತ ಆಕೆಯ ನೆತ್ತಿಗೆ ಎಣ್ಣೆ ಒತ್ತಿದರು, ಮೈಗೆಲ್ಲ ಅರಿಶಿನ ಹಚ್ಚಿದರು. ನೀರು ಸುರಿಯುವ ಮೊದಲು ಒಬ್ಬಳು ಬೆರಳು ಅದ್ದಿ ನೋಡಿದಳು, ಬಹಳ ಸುಡುತ್ತದೇನೋ ಎಂದು...

“ಮುತ್ತೈದಿ ಆಗಿ ಹೋದಳು, ಪುಣ್ಯವಂತಿ,” ಅಂದಳು ಅತ್ತೆ. ಆ ಮಾತಿಗೆ ನನ್ನ ಮೈ ಉರಿದಿತ್ತು. ಈಗಲೂ ಉರಿಯುತ್ತದೆ.

ನಮ್ಮ ಮನೆಯಲ್ಲಿ ಚತುರ್ದಶಿಯ ಮೊದಲ ಸ್ನಾನ ನನ್ನದು. ಚಹಾ ತಡವಾದರೆ ಆಗಲಿ, ಯಾರಾದರೂ ಮುಖ ಸಿಂಡರಿಸಿದರೆ ಸಿಂಡರಿಸಲಿ. ಇದೊಂದನ್ನು ಕಾಕುವಿನ ಹೆಸರಿನಲ್ಲಿ ಹಟ ಹಿಡಿದು ಮಾಡುತ್ತೇನೆ. ಆಕೆ ಇದ್ದಿದ್ದರೆ ನಕ್ಕುಬಿಡುತ್ತಿದ್ದಳೇನೋ. ಆಕೆ ಇಲ್ಲ.

ತವರಿನ ಆ ಬಾಜೂ ಮನೆಗೆ ಈಗ ಕಾಕುವಿನ ಸೊಸೆ ಬಂದಿದ್ದಾಳೆ. ಆಕೆಗೆ ಜ್ವರ ಬಿಟ್ಟಿಲ್ಲ, ಆದರೂ ಕರಿಯುತ್ತಲೇ ಕೂತಿದ್ದಾಳೆ ಎಂದು ಅವ್ವ ಹೇಳಿದ್ದಳು. ಪೊಟ್ಟಣ ಕೈಯಲ್ಲಿರುವಾಗಲೇ ಫೋನು ಮಾಡಿ, ಎಲ್ಲ ಬಿಟ್ಟು ಮೊದಲು ದವಾಖಾನೆಗೆ ಹೋಗು ಅಂದೆ. ಆ ಕಡೆ ಎಣ್ಣೆ ಚುರ್ ಅನ್ನುವುದು ಕೇಳುತ್ತಿತ್ತು.

“ಹೋಗ್ತೀನ್ರಿ ಅಕ್ಕಾ,” ಅಂದಳು. “ಹಬ್ಬ ಒಂದ್ ಮುಗೀಲಿ.”