ಮುಂದಿನ ಮನೆಯ ಫಿಲೊಮೆನಾ ಅಜ್ಜಿ

ಟೊಮ್ಯಾಟೊ ಗಿಡದ ಎಲೆಯನ್ನು ಬೆರಳಲ್ಲಿ ಉಜ್ಜಿದರೆ ಒಂದು ವಾಸನೆ ಬರುತ್ತದೆ. ಅದು ಹಣ್ಣಿನ ವಾಸನೆಯಲ್ಲ. ಕಟುವಾದ, ಹಸಿರಾದ, ಗಂಟಲಲ್ಲಿ ಸ್ವಲ್ಪ ಕಹಿ ಬಿಟ್ಟುಹೋಗುವ ವಾಸನೆ. ಸೋಪು ಹಾಕಿ ತೊಳೆದರೂ ಬೆರಳ ಸಂದಿಯಲ್ಲಿ ಉಳಿದುಬಿಡುತ್ತದೆ. ಈ ಮಾರ್ಚಿನಲ್ಲಿ ಡಾಲಸ್ ಪಕ್ಕದ ಫ್ರಿಸ್ಕೋದ ನಮ್ಮ ಮನೆ ಹತ್ತಿರದ ನರ್ಸರಿಯಲ್ಲಿ ಸಸಿ ಆರಿಸುವಾಗ ಅದು ನನ್ನ ಕೈಗೆ ಅಂಟಿತು. ಸಸಿಗಳನ್ನು ಕಾರಿನಲ್ಲಿಟ್ಟು ಸ್ಟೀರಿಂಗ್ ಹಿಡಿದವಳು ಹಾಗೆಯೇ ಕೂತುಬಿಟ್ಟೆ. ಹಿಂದಿನ ಸೀಟಿನಿಂದ ಮಗಳು, "ಅಮ್ಮಾ, ಆರ್ ವಿ ಗೋಯಿಂಗ್?" ಎಂದು ಎರಡು ಸಲ ಕೇಳಿದಳು. ನಾನು ಆಗ ಫ್ರಿಸ್ಕೋದಲ್ಲಿ ಇರಲಿಲ್ಲ. ಹ್ಯೂಸ್ಟನ್ನಿನ ಒಂದು ಹಿತ್ತಲಿನಲ್ಲಿ, ಆರು ವರ್ಷದವಳಾಗಿ, ನನಗಿಂತ ಎತ್ತರದ ಟೊಮ್ಯಾಟೊ ಗಿಡಗಳ ನಡುವೆ ನಿಂತಿದ್ದೆ.

ಆ ಹಿತ್ತಲು ಫಿಲೊಮೆನಾ ಅಜ್ಜಿಯದು. ಹ್ಯೂಸ್ಟನ್ನಿನ ಹಳೆಯ ಭಾಗದಲ್ಲಿ, ಬೇರುಗಳು ಫುಟ್‌ಪಾತನ್ನು ಎತ್ತಿ ಒಡೆದಿದ್ದ ಓಕ್ ಮರಗಳ ಬೀದಿಯಲ್ಲಿ, ಮುಂದೆ ಅವಳ ಮರದ ಮನೆ, ಹಿಂದೆ ಗ್ಯಾರೇಜು, ಗ್ಯಾರೇಜಿನ ಮೇಲೆ ಎರಡು ಕೋಣೆ. ಆ ಎರಡು ಕೋಣೆಗಳಲ್ಲಿ ನಾವು ಬಾಡಿಗೆಗಿದ್ದೆವು. ಅಪ್ಪನ ಕೆಲಸ ಆಸ್ಟಿನ್‌ನಲ್ಲಿ. ಶುಕ್ರವಾರ ಸಂಜೆ ಡ್ರೈವ್ ಮಾಡಿಕೊಂಡು ಬಂದು ರವಿವಾರ ಊಟ ಮಾಡಿ ಹೊರಡುತ್ತಿದ್ದ. ಅವ್ವ ಹುಬ್ಬಳ್ಳಿಯಲ್ಲಿ ಡಾಕ್ಟರಾಗಿದ್ದವಳು. ಇಲ್ಲಿ ಡಾಕ್ಟರಾಗಲು ಮತ್ತೆ ಮೊದಲಿನಿಂದ ಪರೀಕ್ಷೆ ಬರೆಯಬೇಕಿತ್ತು. ಬೆಳಗ್ಗೆ ಒಂದು ಆಸ್ಪತ್ರೆಯಲ್ಲಿ ಸಂಬಳವಿಲ್ಲದೆ ಬೇರೆ ಡಾಕ್ಟರುಗಳ ಹಿಂದೆ ನಿಂತು ನೋಡುವುದು, ಮಧ್ಯಾಹ್ನದ ಮೇಲೆ ಬಾಗಿಲು ಹಾಕಿಕೊಂಡು ಓದುವುದು, ಇದು ಅವಳ ದಿನ. ಶಾಲೆ ಬಿಟ್ಟು ಬಂದ ನಾನು ಅವಳ ಓದು ಮುಗಿಯುವವರೆಗೆ ಮುಂದಿನ ಮನೆಯಲ್ಲಿರುತ್ತಿದ್ದೆ.

ವಯಸ್ಸಾದವರನ್ನು ಹೆಸರು ಹಿಡಿದು ಕರೆಯಬಾರದು, ಅಜ್ಜಿ ಅನ್ನಬೇಕು ಎಂದು ಅವ್ವ ಹೇಳಿಕೊಟ್ಟಿದ್ದಳು. ಮೊದಲ ದಿನ ಹಿಂಬಾಗಿಲಲ್ಲಿ ನಿಂತು "ಅಜ್ಜಿ" ಎಂದೆ. ಒಲೆಯ ಮುಂದಿದ್ದ ಆ ಗಿಡ್ಡ, ಬಿಳಿಗೂದಲ ಹೆಂಗಸು ತಿರುಗಿ ಹುಬ್ಬೇರಿಸಿದಳು. ಅವಳ ಇಟಾಲಿಯನ್ ಭಾಷೆಯಲ್ಲಿ "ಒಜ್ಜಿ" ಎಂದರೆ ಇವತ್ತು. ಇವತ್ತೇನು ಅಡುಗೆ ಎಂದು ಈ ಪುಟ್ಟ ಹುಡುಗಿ ಕೇಳುತ್ತಿದ್ದಾಳೆ ಎಂದುಕೊಂಡು, ಪಾತ್ರೆಯ ಮುಚ್ಚಳ ತೆಗೆದು ತೋರಿಸಿ, "ಇವತ್ತು ಕಡಲೆಕಾಳು" ಎಂದಳು. ಮರುದಿನ ಮತ್ತೆ "ಅಜ್ಜಿ" ಎಂದೆ. "ಇವತ್ತು ಬದನೆಕಾಯಿ" ಎಂದಳು. ಒಂದು ತಿಂಗಳಾದ ಮೇಲೆ ಅವ್ವ ಅದರ ಅರ್ಥ ಹೇಳಿದಾಗ ಅಜ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕಳಂತೆ. ಆದರೂ ಉತ್ತರ ಕೊಡುವುದನ್ನು ಬಿಡಲಿಲ್ಲ.

ಅವಳ ಅಡುಗೆಯಲ್ಲಿ ದೊಡ್ಡದೇನೂ ಇರಲಿಲ್ಲ. ನಾವು ಮಾಂಸ ತಿನ್ನುವವರಲ್ಲ ಎಂದು ಅವ್ವ ಸಂಕೋಚದಿಂದ ಹೇಳಿದಾಗ, "ನಮ್ಮ ಊರಲ್ಲಿ ಹಬ್ಬ ಬಿಟ್ಟರೆ ನಾವೂ ತಿಂದವರಲ್ಲ" ಎಂದು ಅಜ್ಜಿ ಕೈ ಬೀಸಿ ಆ ಮಾತು ಮುಗಿಸಿಬಿಟ್ಟಿದ್ದಳು. ಚಳಿಗಾಲದಲ್ಲಿ ಫಾವ ಎಂಬ ದಪ್ಪ ಕಾಳು, ನಮ್ಮ ಅವರೆಯ ದೊಡ್ಡಪ್ಪನ ಹಾಗಿರುವುದು, ಮಣ್ಣಿನ ಗಡಿಗೆಯಲ್ಲಿ ಮಧ್ಯಾಹ್ನವೆಲ್ಲ ಕುದ್ದು ತಾನೇ ಕರಗಿ ಗಂಜಿಯಂತಾಗುತ್ತಿತ್ತು. ಅದರ ಪಕ್ಕ ಕಹಿ ಸೊಪ್ಪು, ಮೇಲೆ ಆಲಿವ್ ಎಣ್ಣೆಯ ಒಂದು ಸುತ್ತು. ಮಾರ್ಚಿನಲ್ಲಿ ಅದೇ ಫಾವ ಹಸಿಯಾಗಿ ಬರುತ್ತಿತ್ತು. ಸಿಪ್ಪೆಯ ಒಳಗಿನ ಬಿಳಿ ಹತ್ತಿಯಂಥ ಹಾಸಿಗೆಗೆ ಬೆರಳು ತಾಗಿಸಿ ನಾನು ಸುಮ್ಮನೆ ಕೂತಿರುತ್ತಿದ್ದೆ. ಮೇ ಬಂದರೆ ಟೊಮ್ಯಾಟೊ. ಹ್ಯೂಸ್ಟನ್ನಿನ ಸೆಕೆ ಜೋರಾಗಿ ಗಿಡಗಳು ಸೊರಗುವ ಮೊದಲು ಬಂದಷ್ಟನ್ನೂ ಹಿಂಡಿ, ಕುದಿಸಿ, ಬಾಟಲಿಗಳಲ್ಲಿ ತುಂಬಿಡುತ್ತಿದ್ದಳು. ಆಮೇಲೆ ಅಂಜೂರ, ಬದನೆ, ಕುಂಬಳದ ಹೂವು. ಯಾವ ಕಾಲದಲ್ಲಿ ಯಾವುದು ಇಲ್ಲವೋ ಅದನ್ನು ಅವಳು ಅಂಗಡಿಯಿಂದ ತರುತ್ತಿರಲಿಲ್ಲ. ಡಿಸೆಂಬರಿನಲ್ಲಿ ನಾನು ಟೊಮ್ಯಾಟೊ ಹಣ್ಣು ಕೇಳಿದರೆ, "ಅದು ಮಲಗಿದೆ, ಎಬ್ಬಿಸಬೇಡ" ಎನ್ನುತ್ತಿದ್ದಳು.

ಕೈ ಕೆಲಸದಲ್ಲಿದ್ದಾಗ ಬಾಯಿ ಊರಿನ ಕಥೆ ಹೇಳುತ್ತಿತ್ತು. ಇಟಲಿಯ ನಕ್ಷೆ ಬೂಟಿನ ಹಾಗಿದೆಯಲ್ಲ, ಅದರ ಹಿಮ್ಮಡಿಯಲ್ಲಿ ಅವಳ ಊರು. ಅಲ್ಲಿ ಓಣಿಗೆಲ್ಲ ಒಂದೇ ಒಲೆ. ಪ್ರತಿ ಮನೆಯವರು ತಮ್ಮ ಹಿಟ್ಟಿನ ಮುದ್ದೆಯ ಮೇಲೆ ಗುರುತು ಒತ್ತಿ ಕಳಿಸುತ್ತಿದ್ದರು, ಬೆಂದ ರೊಟ್ಟಿ ಅದಲುಬದಲಾಗದಿರಲೆಂದು. ಮಧ್ಯಾಹ್ನ ಊಟವಾದ ಮೇಲೆ ಇಡೀ ಊರು ಕಿಟಕಿ ಮುಚ್ಚಿ ಮಲಗುತ್ತಿತ್ತು. ಬಿಸಿಲಿಳಿದ ಮೇಲೆ ಮಕ್ಕಳು, ಮುದುಕರು, ಹೊಸ ಮದುಮಕ್ಕಳು, ಎಲ್ಲರೂ ತಲೆ ಬಾಚಿಕೊಂಡು ಒಂದೇ ಬೀದಿಯಲ್ಲಿ ಆ ತುದಿಯಿಂದ ಈ ತುದಿಗೆ ಸುಮ್ಮನೆ ನಡೆಯುತ್ತಿದ್ದರು. "ಎಲ್ಲಿಗೆ ಹೋಗೋಕೆ?" ಎಂದು ನಾನು ಕೇಳಿದೆ. "ಎಲ್ಲಿಗೂ ಇಲ್ಲ. ಯಾರು ಇದ್ದಾರೆ ಅಂತ ನೋಡೋಕೆ" ಎಂದಳು. ಹ್ಯೂಸ್ಟನ್ ಹತ್ತಿರದ ಗಾಲ್ವೆಸ್ಟನ್ ಬಂದರಿನಲ್ಲಿ ಹಡಗು ರಿಪೇರಿ ಮಾಡುವವನನ್ನು ಮದುವೆಯಾಗಿ ಆ ಬೀದಿ ಬಿಟ್ಟು ಬಂದವಳು ಮತ್ತೆ ಎರಡೇ ಸಲ ಅದನ್ನು ನೋಡಿದ್ದಳಂತೆ. ಗಂಡ ತೀರಿಕೊಂಡು ವರ್ಷಗಳಾಗಿದ್ದವು. ಒಬ್ಬನೇ ಮಗ ಡಾಲಸ್‌ನಲ್ಲಿದ್ದ.

ಎರಡನೆಯ ಬೇಸಗೆಯಲ್ಲಿ ಒಂದು ದಿನ ನಾನು ಇವತ್ತಿಗೂ ನೆನೆದು ಮುಖ ಮುಚ್ಚಿಕೊಳ್ಳುವಂಥ ಮಾತು ಆಡಿದೆ. ಆ ಸಂಜೆ ಅವ್ವ ಜೋಳದ ರೊಟ್ಟಿ, ಮೆಂತ್ಯೆ ಪಲ್ಯ ಮಾಡಿದ್ದಳು. ಜೋಳದ ಹಿಟ್ಟು ಆಗ ಕೈಗೆಟಕುವ ಹಾಗೆ ಸಿಗುತ್ತಿರಲಿಲ್ಲ. ಹುಬ್ಬಳ್ಳಿಯಿಂದ ಬಂದ ಯಾರೋ ತಂದುಕೊಟ್ಟದ್ದನ್ನು ಫ್ರಿಜ್ಜಿನಲ್ಲಿ ಜೋಪಾನ ಮಾಡಿ, ಅಪ್ಪ ಬಂದಾಗ ಮಾತ್ರ ತೆಗೆಯುತ್ತಿದ್ದಳು. ಆ ದಿನ ಅಪ್ಪ ಇರಲಿಲ್ಲ. ಆದರೂ ಯಾಕೆ ತೆಗೆದಳೆಂದು ನಾನು ಯೋಚಿಸಲಿಲ್ಲ. ತಟ್ಟೆ ದೂಡಿ, "ಐ ವಾಂಟ್ ಅಜ್ಜೀಸ್ ಫುಡ್. ಯುವರ್ಸ್ ಈಸ್ ನಾಟ್ ನೈಸ್" ಎಂದೆ.

ಅವ್ವ ಒಲೆ ಆರಿಸಿದಳು. "ನಾ ಮಾಡಿದ್ದು ಸೇರೂದಿಲ್ಲೇನ ನಿನಗ?" ಎಂದಳು.

ನಾನು ಇಲ್ಲವೆಂದು ತಲೆಯಾಡಿಸಿದೆ.

"ಹಂಗಾರ ನಾಳಿಂದ ಅಲ್ಲಿ ಹೋಗೂದು ಬ್ಯಾಡ" ಎಂದವಳು ತಾನೂ ಉಣ್ಣದೆ ಎದ್ದುಹೋದಳು. ಆ ಬೆಳಗ್ಗೆ ಪರೀಕ್ಷೆಯ ಫಲಿತಾಂಶ ಬಂದಿತ್ತು, ಅವಳು ಫೇಲ್ ಆಗಿದ್ದಳು ಎಂಬುದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ.

ಮರುದಿನದಿಂದ ಮಧ್ಯಾಹ್ನಗಳು ಲೈಬ್ರರಿಯಲ್ಲಿ ಕಳೆದವು. ಅವ್ವ ದಪ್ಪ ಪುಸ್ತಕದ ಮುಂದೆ, ನಾನು ಚಿತ್ರದ ಪುಸ್ತಕದ ಮುಂದೆ, ನಡುವೆ ಡಬ್ಬಿಯಲ್ಲಿ ಮೊಸರನ್ನ. ಹೋಗುವಾಗ ಬರುವಾಗ ಮುಂದಿನ ಮನೆಯ ಕಿಟಕಿಯಲ್ಲಿ ಅಜ್ಜಿಯ ಬಿಳಿ ತಲೆ ಕಾಣುತ್ತಿತ್ತು. ನಾನು ಕೈ ಎತ್ತುತ್ತಿದ್ದೆ, ಅವಳೂ ಎತ್ತುತ್ತಿದ್ದಳು. ಒಂದು ದಿನ ನಮ್ಮ ಮೆಟ್ಟಿಲ ಮೇಲೆ ಬಟ್ಟಲು ತುಂಬ ಅಂಜೂರವಿತ್ತು. ಇನ್ನೊಬ್ಬರ ಮನೆಯ ಪಾತ್ರೆಯನ್ನು ಬರಿದಾಗಿ ಕಳಿಸಬಾರದು, ನಾಲ್ಕು ಕಾಳು ಸಕ್ಕರೆಯನ್ನಾದರೂ ಹಾಕಬೇಕು ಎಂಬ ಮನೆಯಲ್ಲಿ ಬೆಳೆದವಳು ಅವ್ವ. ಆ ಬಟ್ಟಲನ್ನು ತೊಳೆದು, ಒರೆಸಿ, ಬರಿದಾಗಿಯೇ ಅಜ್ಜಿಯ ಹಿಂಬಾಗಿಲಲ್ಲಿ ಇಟ್ಟುಬಂದಳು.

ಎರಡು ವಾರವಾಗಿರಬೇಕು. ಒಂದು ಶುಕ್ರವಾರ ನಾವು ಲೈಬ್ರರಿಗೆ ಹೊರಡುವ ಹೊತ್ತಿಗೆ ಮೆಟ್ಟಿಲು ಕಿರುಗುಟ್ಟಿತು. ಮಂಡಿನೋವಿನ ಅಜ್ಜಿ ಯಾವತ್ತೂ ನಮ್ಮ ಮೆಟ್ಟಿಲು ಹತ್ತಿದವಳಲ್ಲ. ಬಾಗಿಲಲ್ಲಿ ಏದುಸಿರು ಬಿಡುತ್ತಾ ನಿಂತು, ಬಲಗೈಯ ಹೆಬ್ಬೆರಳನ್ನು ಅವ್ವನ ಮುಂದೆ ಹಿಡಿದಳು. ಬುಡದಲ್ಲಿ ಕೆಂಪಗೆ ಊದಿಕೊಂಡಿತ್ತು.

"ಡಾಕ್ಟರ್, ಇದನ್ನ ನೋಡು."

"ನಾನು ಇಲ್ಲಿ ಡಾಕ್ಟರ್ ಅಲ್ಲ" ಎಂದಳು ಅವ್ವ, ಇಂಗ್ಲಿಷಿನಲ್ಲಿ, ತಲೆ ತಗ್ಗಿಸಿ. "ನಿಮ್ಮ ಡಾಕ್ಟರ ಹತ್ತಿರ ಹೋಗಿ."

"ಅದು ಬೆರಳಿಗೆ ಗೊತ್ತಿಲ್ಲ" ಎಂದಳು ಅಜ್ಜಿ. ಕೈ ಹಿಂದಕ್ಕೆ ಎಳೆಯಲಿಲ್ಲ.

ಅವ್ವ ಪುಸ್ತಕದ ಚೀಲ ಕೆಳಗಿಟ್ಟಳು. ಆ ಕೈಯನ್ನು ಎರಡೂ ಕೈಗಳಲ್ಲಿ ತೆಗೆದುಕೊಂಡು, ಮಣಿಕಟ್ಟಿನಿಂದ ಶುರುಮಾಡಿ ಒಂದೊಂದೇ ಕೀಲನ್ನು ಒತ್ತುತ್ತಾ, ಎಲ್ಲಿ ನೋವು, ಎಷ್ಟು ದಿನದಿಂದ, ಬೆಳಗ್ಗೆ ಹೆಚ್ಚೋ ಸಂಜೆಗೋ ಎಂದು ಕೇಳುತ್ತಾ ಹೋದಳು. ಅವಳ ದನಿ ಬದಲಾಗಿತ್ತು. ಆ ದನಿಯನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. "ಎರಡು ವಾರ ಈ ಬೆರಳಿಗೆ ಕೆಲಸ ಕೊಡಬೇಡಿ" ಎಂದಳು ಕೊನೆಗೆ. ಅಜ್ಜಿ ತಲೆ ಕೊಡವಿದಳು. "ನಾಳೆ ಮಗ ಬರ್ತಾನೆ. ಹಿಟ್ಟು ಕಲಸಿಟ್ಟಿದ್ದೀನಿ. ಯಾರು ಒತ್ತಬೇಕು?"

ಆ ದಿನ ಲೈಬ್ರರಿಗೆ ಹೋಗಲಿಲ್ಲ. ಅಜ್ಜಿಯ ಅಡುಗೆಮನೆಯ ಮೇಜಿನ ಮೇಲೆ ಮರದ ಹಲಗೆ, ಅದರ ಮೇಲೆ ಗೋಧಿ ರವೆಯನ್ನು ಬರೀ ಬೆಚ್ಚನೆಯ ನೀರಲ್ಲಿ ನಾದಿದ ಹಿಟ್ಟು, ಒದ್ದೆ ಬಟ್ಟೆ ಮುಚ್ಚಿಕೊಂಡು ಕಾದಿತ್ತು. ಅದನ್ನು ಹಗ್ಗದ ಹಾಗೆ ಹೊಸೆದು, ಕಡಿದು, ಒಂದೊಂದು ತುಂಡನ್ನೂ ಚಾಕುವಿನಿಂದ ಎಳೆದು ಹೆಬ್ಬೆರಳ ಮೇಲೆ ಮಗುಚಿದರೆ ಪುಟ್ಟ ಕಿವಿಯಂಥ ಪಾಸ್ತಾ ಆಗಬೇಕು. ಅವ್ವನ ಕೈಯಲ್ಲಿ ಕಿವಿಗಳೆಲ್ಲ ಹರಿದುಹೋದವು. ಹತ್ತಾಯಿತು, ಇಪ್ಪತ್ತಾಯಿತು. ಅವಳು ಚಾಕು ಬದಿಗಿಟ್ಟಳು. ಆಮೇಲೆ, ತನಗೇ ತಿಳಿಯದವಳ ಹಾಗೆ, ಹಿಟ್ಟಿನ ಒಂದು ಚೂರು ಚಿವುಟಿ ಹೆಬ್ಬೆರಳು ತೋರುಬೆರಳ ನಡುವೆ ಹೊಸೆದಳು. ಎರಡೂ ತುದಿ ಚೂಪಾದ, ಅಕ್ಕಿಕಾಳಿನಷ್ಟು ಸಣ್ಣದೊಂದು ಕಾಳು ಹಲಗೆಯ ಮೇಲೆ ಬಿತ್ತು. ಇನ್ನೊಂದು ಬಿತ್ತು. ನೋಡನೋಡುತ್ತಿದ್ದಂತೆ ಮಳೆಹನಿಯ ಹಾಗೆ ಬೀಳತೊಡಗಿದವು. ಅಜ್ಜಿ ಬಗ್ಗಿ ಒಂದನ್ನು ಅಂಗೈಯಲ್ಲಿಟ್ಟುಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು. "ಇದೇನು?"

"ಗೌಲಿ" ಎಂದಳು ಅವ್ವ. ಮದುವೆ ಬಂದರೆ ತಿಂಗಳ ಮೊದಲೇ ಓಣಿಯ ಹೆಂಗಸರೆಲ್ಲ ತನ್ನ ತವರಿನ ಪಡಸಾಲೆಯಲ್ಲಿ ಕೂತು ಪಾಯಸಕ್ಕೆ ಗೌಲಿ ಹೊಸೆಯುತ್ತಿದ್ದುದನ್ನು, ತನ್ನ ತಾಯಿಯ ಗೌಲಿ ಎಲ್ಲರದಕ್ಕಿಂತ ಸಣ್ಣಗಿರುತ್ತಿದ್ದುದನ್ನು ಹೇಳಿದಳು. ಅವಳ ತಾಯಿ ತೀರಿಕೊಂಡಾಗ ನಾವು ಇಲ್ಲಿದ್ದೆವು, ಹೋಗಲಾಗಿರಲಿಲ್ಲ. ಹೇಳುತ್ತಾ ಹೇಳುತ್ತಾ ಅವ್ವನ ಕೆನ್ನೆಯ ಮೇಲೆ ನೀರಿಳಿಯಿತು. ಕೈ ಹಿಟ್ಟಾಗಿದ್ದರಿಂದ ಒರೆಸಿಕೊಳ್ಳಲಾಗಲಿಲ್ಲ. ಅಜ್ಜಿ ತನ್ನ ಏಪ್ರನ್ನಿನ ತುದಿಯಿಂದ ಒರೆಸಿದಳು. "ಈ ಹುಡುಗಿ ದಿನಾ ನನ್ನ ತಲೆ ತಿಂತಾಳೆ" ಎಂದಳು ನನ್ನ ಕಡೆ ಗದ್ದ ಚಾಚಿ. "ನನ್ನ ಅವ್ವ ನಿಜವಾದ ಹೃದಯವನ್ನ ಕೈಯಲ್ಲಿ ಹಿಡಿದಿದ್ದಾಳೆ, ನೀನು ಹಿಡಿದಿದ್ದೀಯಾ, ಅಂತ ಕೇಳ್ತಾಳೆ." ಅವ್ವ ನನ್ನನ್ನು ನೋಡಿದಳು. ನಾನು ಮೇಜಿನ ಸುತ್ತ ಹೋಗಿ ಅವಳ ಸೊಂಟಕ್ಕೆ ಮುಖ ಒತ್ತಿದೆ. ಸಂಜೆ ಆಸ್ಟಿನ್‌ನಿಂದ ಬಂದ ಅಪ್ಪ ಮೇಲೆ ಬೀಗ ನೋಡಿ ಕೆಳಗಿಳಿದು ಬಂದ. ಹಾಲಿನಲ್ಲಿ ಗೌಲಿ ಕುದಿಯುತ್ತಿತ್ತು. ಹರಿದ ಕಿವಿಗಳಿಗೆ ಟೊಮ್ಯಾಟೊ ಸಾರು ಬಿದ್ದಿತ್ತು. "ಏನ್ರಿ, ಕೈ ತೊಳಕೊಂಡು ಬರ್ರಿ" ಎಂದಳು ಅವ್ವ, ತನ್ನದೇ ಮನೆಯ ಹಾಗೆ.

ಮುಂದಿನ ಸಲ ಅವ್ವ ಪಾಸಾದಳು. ಅವಳಿಗೆ ಡಾಲಸ್‌ನಲ್ಲಿ ಕೆಲಸ ಸಿಕ್ಕಿ ನಾವೆಲ್ಲ ಅಲ್ಲಿಗೆ ಶಿಫ್ಟ್ ಆದೆವು. ಮೊದಮೊದಲು ಹ್ಯೂಸ್ಟನ್ ಪಕ್ಕದ ಪೇರ್ಲ್ಯಾಂಡಿನ ದೇವಸ್ಥಾನಕ್ಕೆ ಹೋದಾಗಲೆಲ್ಲ ಅಜ್ಜಿಯ ಮನೆಗೂ ಹೋಗುತ್ತಿದ್ದೆವು. ಆಮೇಲೆ ಫೋನು, ಆಮೇಲೆ ಕ್ರಿಸ್ಮಸ್ ಕಾರ್ಡು. ನಾನು ಆಸ್ಟಿನ್‌ನಲ್ಲಿ ಕಾಲೇಜು ಸೇರಿದ ವರ್ಷ ಅಜ್ಜಿಗೆ ಮರೆವು ಶುರುವಾಗಿ, ಮಗ ಅವಳನ್ನು ಡಾಲಸ್‌ನ ಒಂದು ವೃದ್ಧಾಶ್ರಮಕ್ಕೆ ಕರೆತಂದ. ಮನೆ ಮಾರಾಟವಾಯಿತು. ಕೊಂಡವರು ಎಲ್ಲವನ್ನೂ ಕೆಡವಿ ಮೂರಂತಸ್ತಿನ ಮನೆಗಳ ಸಾಲು ಎಬ್ಬಿಸಿದರು. ಅಡುಗೆಮನೆ ಇದ್ದ ಕಡೆ ಈಗ ಕಾರುಗಳು ನಿಲ್ಲುತ್ತವೆ. ನಾನು ಒಮ್ಮೆ ಹೋಗಿ ನೋಡಿ ಬಂದೆ, ಮತ್ತೆ ಹೋಗಿಲ್ಲ.

ಅವ್ವ ಪ್ರತಿ ರವಿವಾರ ಅಜ್ಜಿಯನ್ನು ನೋಡಲು ಹೋಗುತ್ತಿದ್ದಳು. ರಜೆಗೆ ಬಂದಿದ್ದಾಗ ಒಂದು ವಾರ ನಾನೂ ಹೋದೆ. ಅದೇ ಕೊನೆಯ ಭೇಟಿಯೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಅಜ್ಜಿ ಕಿಟಕಿಯ ಪಕ್ಕ ಕುರ್ಚಿಯಲ್ಲಿದ್ದಳು, ಹಕ್ಕಿಯಷ್ಟಾಗಿದ್ದಳು. ಇಂಗ್ಲಿಷ್ ಪೂರ್ತಿ ಹೋಗಿತ್ತು. ನಮ್ಮಿಬ್ಬರ ಗುರುತೂ ಸಿಗಲಿಲ್ಲ. ಊಟ ಬಿಟ್ಟು ಮೂರು ದಿನವಾಯಿತು, ಬಾಯಿಯೇ ತೆರೆಯುವುದಿಲ್ಲ ಎಂದು ನರ್ಸ್ ಹೇಳಿದಳು. ಅವ್ವ ಸ್ಟೀಲಿನ ಡಬ್ಬಿ ತೆಗೆದಳು. ಫಾವ ಕುದಿಸಿ, ಮಸೆದು, ಸೊಪ್ಪು ಬೇಯಿಸಿ ತಂದಿದ್ದಳು. ಮೊದಲ ಚಮಚಕ್ಕೆ ಅಜ್ಜಿಯ ಬಾಯಿ ತೆರೆಯಿತು. ಎರಡನೆಯದಕ್ಕೂ ತೆರೆಯಿತು. ಮೂರನೆಯದಕ್ಕೆ ಹುಬ್ಬು ಗಂಟಿಕ್ಕಿ, ಅವ್ವನನ್ನು ದುರುಗುಟ್ಟಿ ನೋಡಿ, ಸ್ಪಷ್ಟವಾಗಿ, "ಸಾಲೆ" ಎಂದಳು.

ಆ ಅಡುಗೆಮನೆಯ ಮಾತುಗಳು ನನಗೆ ಮರೆತಿರಲಿಲ್ಲ. "ಉಪ್ಪಂತ, ಅವ್ವ. ಉಪ್ಪಿಲ್ಲ ಅಂತಾಳ" ಎಂದೆ.

"ಬಿಪಿ ಅದ ಅಕಿಗೆ. ಉಪ್ಪು ಹಾಕಬಾರದಂತ ಬರದಾರ" ಎಂದಳು ಅವ್ವ, ಮಂಚದ ಮೇಲಿನ ಚೀಟಿಯ ಕಡೆ ನೋಡುತ್ತಾ. ಚಮಚವನ್ನು ಡಬ್ಬಿಯಲ್ಲಿಟ್ಟಳು. ಇಪ್ಪತ್ತು ಹಾಸಿಗೆಯ ವಾರ್ಡಿನಲ್ಲಿ ಯಾರೂ ಮೀರದ ಹಾಗೆ ಪಥ್ಯ ನಡೆಸುವ ಡಾಕ್ಟರ್ ಅವಳು. ಎದ್ದು ಊಟದ ಹಾಲಿಗೆ ಹೋಗಿ ಕಾಗದದ ಎರಡು ಉಪ್ಪಿನ ಪೊಟ್ಟಣ ತಂದಳು. ಒಂದನ್ನು ಹರಿದು ಡಬ್ಬಿಗೆ ಸುರಿದು ಕಲಸಿದಳು. ಸ್ವಲ್ಪ ಯೋಚಿಸಿ ಎರಡನೆಯದನ್ನೂ ಹರಿದಳು. ಅಜ್ಜಿ ತಿಂದಳು. ನಿಧಾನವಾಗಿ, ಕಣ್ಣು ಮುಚ್ಚಿಕೊಂಡು, ಡಬ್ಬಿ ಖಾಲಿಯಾಗುವವರೆಗೆ ತಿಂದಳು. ಅವ್ವ ಅವಳ ತುಟಿ ಒರೆಸಿ, ಶಾಲು ಸರಿಮಾಡಿ, ಯಾರು ಎಷ್ಟು ಉಂಡರೆಂದು ನರ್ಸುಗಳು ಬರೆದಿಡುವ ಹಾಳೆಯನ್ನು ಗೋಡೆಯಿಂದ ಇಳಿಸಿಕೊಂಡಳು. ಮೂರು ದಿನದ ಖಾಲಿ ಚೌಕಗಳ ಕೆಳಗೆ, ತನ್ನ ಪೆನ್ನಿನಿಂದ, ಯಾರಿಗೂ ಓದಲಾಗದ ತನ್ನ ಡಾಕ್ಟರ ಕೈಬರಹ ಬಿಟ್ಟು, ಮಗುವಿನ ಕಾಪಿ ಪುಸ್ತಕದ ಹಾಗೆ ದುಂಡಗೆ ಬರೆದಳು: ಪೂರ್ತಿ ಊಟ ಮಾಡಿದರು.