ಹುಡುಗಿಯರನ್ನು ಕರೆತರುತ್ತಿದ್ದ ಆಯಾ

ಬಸವನಗುಡಿಯ ನಮ್ಮ ಹೆಣ್ಣುಮಕ್ಕಳ ಶಾಲೆ ಶುರುವಾದ ಕಾಲದಲ್ಲಿ ಎಷ್ಟೋ ಮನೆಯವರು ಹುಡುಗಿಯರನ್ನು ಒಂಟಿಯಾಗಿ ಬೀದಿಗೆ ಬಿಡುತ್ತಿರಲಿಲ್ಲ. ಶಾಲೆಯ ಆಯಾನೇ ಮನೆಮನೆಗೆ ಹೋಗಿ, ಗೇಟು ಅಲ್ಲಾಡಿಸಿ, "ಸ್ಕೂಲಿಗೆ ಹೊತ್ತಾಯ್ತು, ನಿಮ್ಮನೆ ಸರಸ್ವತೀನ ಕಳಿಸ್ರವ್ವಾ!" ಎಂದು ಕೂಗುತ್ತಿದ್ದಳು. ನನ್ನನ್ನೂ ಹಾಗೆಯೇ ಕೈಹಿಡಿದು ಕರೆದೊಯ್ದವಳು. ಯಾರ ಮೂಗು ಸೋರಿದರೂ ಅವಳ ಸೆರಗೇ ಗತಿ.

ತೊಂಬತ್ತರ ದಶಕದ ಹೊತ್ತಿಗೆ ನಾನು ಅಲ್ಲೇ ಟೀಚರ್ ಆಗಿದ್ದೆ. ಸ್ಮರಣ ಸಂಚಿಕೆಗೆ ಶಾಲೆಯ ಚರಿತ್ರೆ ಬರೆದವಳೂ ನಾನೇ. ಸ್ಥಾಪಕರು, ದಾನಿಗಳು, ಬಂದುಹೋದ ಮಂತ್ರಿಗಳು ಎಲ್ಲರೂ ಅದರಲ್ಲಿದ್ದರು. ಈಗಲೂ ದಿನವೂ ಗೇಟಿನ ಬಳಿ ಸ್ಟೂಲಿನ ಮೇಲೆ ಕೂತಿರುತ್ತಿದ್ದ ಆಯಾ ಮಾತ್ರ ನನಗೆ ನೆನಪೇ ಆಗಲಿಲ್ಲ.

ಸಂಚಿಕೆ ಹಂಚಿದ ದಿನ ಪುಸ್ತಕ ಹಿಡಿದು ಬಂದಳು. "ಮಗಾ, ನಂದೂ ಬರ್ದಿರ್ತೀಯಲ್ಲ, ಓದು ಕೇಳಾಣ."

ಅವಳಿಗೆ ಓದು ಬರುತ್ತಿರಲಿಲ್ಲ. ನಾನು ಒಂದು ಪುಟ ತೆರೆದು, ಅಲ್ಲಿ ಇಲ್ಲದ ನಾಲ್ಕು ಸಾಲುಗಳನ್ನು ಗಟ್ಟಿಯಾಗಿ ಓದಿಬಿಟ್ಟೆ.

"ಇಲ್ಲೇನಾ?" ಎಂದು ಬೆರಳಿಟ್ಟಳು. ಅದು ಕಟ್ಟಡಕ್ಕೆ ಸಿಮೆಂಟು ಕೊಟ್ಟವರ ಹೆಸರು. ನಾನು ಹೂಂ ಅಂದೆ.

ಅವಳು ಪುಸ್ತಕವನ್ನು ಕಣ್ಣಿಗೊತ್ತಿಕೊಂಡಳು. "ಮೊಮ್ಮಗಳ ಕೈಲಿ ಇನ್ನೊಂದ್ಸಲ ಓದಿಸ್ಕೋತೀನಿ. ನಮ್ ಸ್ಕೂಲಲ್ಲೇ ನಾಕನೇ ಕ್ಲಾಸು. ಪಟಪಟ ಓದ್ತದೆ ಮುಂಡೇದು."

ಮರುದಿನ ನಾನು ಬರುವುದನ್ನು ಕಂಡು ಗೇಟಿನ ಬಳಿ ಸ್ಟೂಲಿನಿಂದ ಎದ್ದು ನಿಂತಳು. "ನಮಸ್ಕಾರ, ಮಿಸ್" ಎಂದಳು.

ಅವಳು ನನಗಾಗಿ ಎದ್ದು ನಿಂತದ್ದು ಅದೇ ಮೊದಲು.